ಎಂಜಿನ್ ಬದಲಾವಣೆ ಮತ್ತು ಹೊಸ ಚಕ್ರಗಳು: ಯಾವುದು ಮೊದಲು?

ಪ್ರಶ್ನೆ: ನನ್ನ ಬಳಿ 1.6 ಲೀಟರ್ ಎಂಜಿನ್ನಿನ, ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರು ಇದೆ. ಇದಕ್ಕೆ ಹೇಳಿ ಮಾಡಿಸಿದ 17 ಇಂಚಿನ ಅಗಲವಾದ ಚಕ್ರಗಳನ್ನು ಈಗ ಹಾಕಿಸಿ, ಹಣ ಒದಗಿದ ಮೇಲೆ ಹೋಂಡಾದ ಕೆ24 ಎಂಜಿನ್ನನ್ನೋ ಜನರಲ್ ಮೋಟರ್ಸ್‌ನ ಎಲ್‌ಎಸ್ ವಿ8 ಎಂಜಿನ್ನನ್ನೋ ಕೂರಿಸಬೇಕೆಂದಿದ್ದೇನೆ. ಈ ಕ್ರಮ ಸರಿಯೇ? ಚಕ್ರದ ಅಳತೆಯನ್ನು ಹೇಗೆ ನಿರ್ಧರಿಸಬೇಕು? ಎರಡು ಎಂಜಿನ್‌ಗಳಲ್ಲಿ ಯಾವುದು ಮೇಲು?

ಉತ್ತರ: ನಿಮ್ಮ ಯೋಜನೆಯಲ್ಲಿ ನಾನು ಮೊದಲು ಬದಲಾಯಿಸುವುದು ಅದರ ಕ್ರಮವನ್ನು. ಚಕ್ರಗಳನ್ನು ಕೊನೆಗೆ ಕೊಳ್ಳಿ. ಎಂಜಿನ್ ಯಾವುದೆಂದು ನಿರ್ಧಾರವಾದರೆ ಹಿಂದಿನ ಚಕ್ರಗಳಿಗೆ ಎಷ್ಟು ಟಾರ್ಕ್ (ತಿರುಗಿಸುವ ಬಲ) ತಲುಪುತ್ತದೆ ಎಂಬುದು ತಿಳಿಯುತ್ತದೆ. ಆ ಟಾರ್ಕ್ ತಿಳಿದರೆ ಯಾವ ಡಿಫರೆನ್ಷಿಯಲ್ (ಅದನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಬೇಕು, ಎಷ್ಟು ದೊಡ್ಡ ಬ್ರೇಕ್ ಬೇಕು ಎಂಬುದು ತಿಳಿಯುತ್ತದೆ. ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಕೂತ ಮೇಲೆಯೇ ಚಕ್ರದ ಒಳಗೆ ಎಷ್ಟು ಜಾಗ ಬೇಕೆಂಬುದು ಗೊತ್ತಾಗುತ್ತದೆ. ಟೈರಿನ ಅಗಲವೂ ಇದೇ ಲೆಕ್ಕದಿಂದ ಹೊರಡಬೇಕು. ಚಕ್ರವನ್ನು ಮೊದಲು ಕೊಂಡವರು ಈ ಸರಪಳಿಯನ್ನು ಹಿಂದುಮುಂದಾಗಿ ಹಿಡಿದು, ಕೊಂಡ ಚಕ್ರಕ್ಕೆ ಹೊಂದುವ ಬ್ರೇಕನ್ನು ಹುಡುಕುತ್ತಾ, ಕೊನೆಗೆ ಆ ದುಬಾರಿ ಚಕ್ರಗಳನ್ನೇ ಮಾರಿ ಬೇರೆಯವನ್ನು ಮಾಡಿಸಿಕೊಳ್ಳುವ ಸ್ಥಿತಿಗೆ ಬರುತ್ತಾರೆ. ಹೇಳಿ ಮಾಡಿಸಿದ ಚಕ್ರವೆಂದರೆ ಅದು ಒಂದೇ ಕಾರಿನ ಒಂದೇ ಸ್ಥಿತಿಗೆ ಹೊಂದುವ ವಸ್ತು. ಕಾರಿನ ಸ್ಥಿತಿ ಇನ್ನೂ ನಿಶ್ಚಯವಾಗದಿರುವಾಗ ಅದರ ಅಳತೆ ಕೊಡುವುದು ಸಾಧ್ಯವೇ ಇಲ್ಲ.

ನಿಮ್ಮ ಕೈಯಲ್ಲಿರುವ ಕಾರು ಎಂಥದೆಂಬುದನ್ನು ಮೊದಲು ನೆನಪಿಸಿಕೊಳ್ಳೋಣ. 1989ರಲ್ಲಿ ಚಿಕಾಗೊ ಮೋಟಾರು ಪ್ರದರ್ಶನದಲ್ಲಿ ಹೊರಬಂದ ಈ ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಎಂಜಿನ್ ಕೊಡುವುದು ಸುಮಾರು 115 ಅಶ್ವಶಕ್ತಿ, 136 ನ್ಯೂಟನ್-ಮೀಟರ್ ಟಾರ್ಕ್ ಮಾತ್ರ. ನಾಲ್ಕೂ ಕಡೆ ಮೇಲೊಂದು ಕೆಳಗೊಂದು ತೋಳಿರುವ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಮುಂದೆ ಹಿಂದೆ ಬಹುತೇಕ ಸಮನಾಗಿ ಹಂಚಿದ ತೂಕ, 14 ಇಂಚಿನ ಬಹಳ ಹಗುರವಾದ ಚಕ್ರ. ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೆ ಒಂದು ಅಲ್ಯುಮಿನಿಯಂ ಚೌಕಟ್ಟು ಇದೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರನ್ನೂ ಅದು ಒಂದೇ ಗಟ್ಟಿ ಘಟಕದಂತೆ ಹಿಡಿದಿಡುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಸ್ಪಂದಿಸುವಂತೆ ಅನಿಸುವುದಕ್ಕೆ ಈ ಚೌಕಟ್ಟೂ ಒಂದು ಕಾರಣ. ಎಂಜಿನ್ ಬದಲಾವಣೆಯ ಚರ್ಚೆಯಲ್ಲಿ ಇದರ ಹೆಸರನ್ನೇ ಎತ್ತದವರ ಸಲಹೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಈಗ ಟಾರ್ಕಿನ ಲೆಕ್ಕಕ್ಕೆ ಬರೋಣ. ಚಾಲಕನೂ ಸೇರಿ ಕಾರಿನ ತೂಕ 1,060 ಕಿಲೋ ಎಂದು, ಜೋರಾಗಿ ಹೊರಟಾಗ ಅದರಲ್ಲಿ ಶೇ 60ರಷ್ಟು ಹಿಂದಿನ ಟೈರುಗಳ ಮೇಲೆ ಬೀಳುತ್ತದೆ ಎಂದು, ಒಣ ರಸ್ತೆಯಲ್ಲಿ ಟೈರಿನ ಘರ್ಷಣೆಯ ಗುಣಾಂಕ 1 ಎಂದು ಇಟ್ಟುಕೊಳ್ಳಿ. ಹಾಗಾದರೆ ಹಿಂದಿನ ಎರಡು ಟೈರುಗಳು ಸೇರಿ ನೆಲವನ್ನು ದೂಡಬಲ್ಲ ಬಲ ಸುಮಾರು 6,200 ನ್ಯೂಟನ್. ಟೈರಿನ ತ್ರಿಜ್ಯ 0.29 ಮೀಟರ್ ಆದ್ದರಿಂದ ಆಕ್ಸಲ್‌ನಲ್ಲಿ ಸುಮಾರು 1,800 ನ್ಯೂಟನ್-ಮೀಟರ್. ಅದನ್ನು ಮೀರಿದ ಟಾರ್ಕ್ ಕಾರನ್ನು ಮುಂದೆ ಒಯ್ಯುವುದಿಲ್ಲ, ಟೈರನ್ನು ಸುತ್ತಿಸುತ್ತದೆ ಅಷ್ಟೆ. ನಿಮ್ಮ ಕಾರಿನ ಮೊದಲ ಗೇರ್ ಅನುಪಾತ 3.136, ಡಿಫರೆನ್ಷಿಯಲ್ ಅನುಪಾತ 4.30. ಈಗಿರುವ ಎಂಜಿನ್ನಿನ 136 ನ್ಯೂಟನ್-ಮೀಟರನ್ನು ಇವೆರಡರಿಂದ ಗುಣಿಸಿದರೆ, ನಡುವಿನ ನಷ್ಟ ಕಳೆಯುವ ಮೊದಲು, 1,834 ಬರುತ್ತದೆ. ಅಂದರೆ ನಿಮ್ಮ ಸಾಧಾರಣ ಎಂಜಿನ್ನೇ ಮೊದಲ ಗೇರಿನಲ್ಲಿ ಟೈರಿನ ಹಿಡಿತವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಳಸಿಕೊಳ್ಳುತ್ತಿದೆ.

2004ರ ಅಕ್ಯುರಾ ಟಿಎಸ್‌ಎಕ್ಸ್ ಕಾರಿನಲ್ಲಿ ಬಂದ ಕೆ24 ಎಂಜಿನ್ನಿನ ಟಾರ್ಕ್ 225 ನ್ಯೂಟನ್-ಮೀಟರ್. ಅದೇ ಗೇರುಗಳಲ್ಲಿ ಅದು ಮೊದಲ ಗೇರಿನಲ್ಲಿ 3,000 ದಾಟುತ್ತದೆ, 1.888 ಅನುಪಾತದ ಎರಡನೆಯ ಗೇರಿನಲ್ಲಿ ಸುಮಾರು 1,830ಕ್ಕೆ, ಅಂದರೆ ಹಿಡಿತದ ಅಂಚಿಗೇ ಬಂದು ನಿಲ್ಲುತ್ತದೆ. ಇನ್ನು 1997ರ ಕಾರ್ವೆಟ್ ಕಾರಿನ ಎಲ್‌ಎಸ್1 ಎಂಜಿನ್ 475 ನ್ಯೂಟನ್-ಮೀಟರ್ ಕೊಡುತ್ತದೆ. ಆ ಕಾರಿನದೇ ಆರು ಗೇರಿನ ಪೆಟ್ಟಿಗೆಯನ್ನೂ 3.42ರ ಡಿಫರೆನ್ಷಿಯಲ್ ಅನುಪಾತವನ್ನೂ ಇಟ್ಟು ಲೆಕ್ಕ ಹಾಕಿದರೆ ಮೊದಲ ಗೇರಿನಲ್ಲಿ 4,300, ಎರಡನೆಯದರಲ್ಲಿ 2,900, ಮೂರನೆಯದರಲ್ಲೂ 2,100ರ ಮೇಲೆ ಸಿಗುತ್ತದೆ. ಒಂದು ಟನ್ನಿನ ಕಾರು ಮೂರನೆಯ ಗೇರಿನಲ್ಲಿ, ಒಣ ರಸ್ತೆಯಲ್ಲಿ, ನೇರ ಹೋಗುತ್ತಿರುವಾಗಲೂ ಹಿಂದಿನ ಟೈರುಗಳ ಹಿಡಿತ ಕಳೆದುಕೊಳ್ಳಬಲ್ಲದು ಎಂಬುದು ಇದರ ಅರ್ಥ. ಟೈರನ್ನು ಅಗಲ ಮಾಡಿದರೆ ಹಿಡಿತ ಸ್ವಲ್ಪ ಹೆಚ್ಚುತ್ತದೆ, ಆದರೆ ಎಂಜಿನ್ ಬೆಳೆದ ಪ್ರಮಾಣದಲ್ಲಿ ಖಂಡಿತ ಅಲ್ಲ. ಟೈರಿನ ರಬ್ಬರು ಎಂಥದು ಎನ್ನುವುದು ಅಗಲಕ್ಕಿಂತ ಹೆಚ್ಚು ಮುಖ್ಯ.

ಆದ್ದರಿಂದ ನಿಮ್ಮ ಎರಡು ಆಯ್ಕೆಗಳಲ್ಲಿ ನನ್ನ ಮತ ಕೆ24ಗೆ. ಎಲ್‌ಎಸ್ ಬಹಳ ಒಳ್ಳೆಯ ಎಂಜಿನ್. ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗೇ ಇರುವುದರಿಂದ 5.7 ಲೀಟರ್ ಗಾತ್ರಕ್ಕೆ ಅದು ಅಚ್ಚರಿಪಡುವಷ್ಟು ಚಿಕ್ಕದಾಗಿದೆ, ಎಂಎಕ್ಸ್-5ರ ಬಾನೆಟ್ಟಿನ ಕೆಳಗೂ ಹಿಡಿಸುತ್ತದೆ. ಆದರೆ ಅದರೊಡನೆ ಮಾಜ್ದಾದ ಗೇರ್‌ಬಾಕ್ಸ್ ಉಳಿಯುವುದಿಲ್ಲ, ಡಿಫರೆನ್ಷಿಯಲ್ ಉಳಿಯುವುದಿಲ್ಲ, ಅವೆರಡನ್ನೂ ಬೆಸೆದಿದ್ದ ಅಲ್ಯುಮಿನಿಯಂ ಚೌಕಟ್ಟೂ ಉಳಿಯುವುದಿಲ್ಲ. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಬೇರೆ ಬೇರೆ ಆಧಾರಗಳನ್ನು ಹೊಸದಾಗಿ ಕಟ್ಟಬೇಕು, ಮುಂದಿನ ಸಬ್‌ಫ್ರೇಮ್ (ಎಂಜಿನ್ನನ್ನೂ ಸಸ್ಪೆನ್ಷನ್ನನ್ನೂ ಹೊರುವ ಚೌಕಟ್ಟು) ಬದಲಾಯಿಸಬೇಕು, ಮುಂಭಾಗದ ತೂಕಕ್ಕೆ ತಕ್ಕಂತೆ ಸ್ಪ್ರಿಂಗುಗಳನ್ನೂ ಬದಲಾಯಿಸಬೇಕು. ಕೊನೆಗೆ ಉಳಿಯುವುದು ಎಂಎಕ್ಸ್-5ರ ಹೊರಮೈ ಮಾತ್ರ. ಅದೇ ನಿಮಗೆ ಬೇಕಿದ್ದರೆ ತಪ್ಪೇನಿಲ್ಲ, ಆದರೆ ತಿಳಿದು ಮಾಡಬೇಕು. ಕೆ24ರ ಬ್ಲಾಕ್ ಅಲ್ಯುಮಿನಿಯಮ್ಮಿನದು. ನಿಮ್ಮ ಈಗಿನ ಕಬ್ಬಿಣದ ಬ್ಲಾಕಿನ ಎಂಜಿನ್ನಿನ ಬದಲು ಅದನ್ನು ಕೂರಿಸಿದಾಗ ಕಾರಿನ ಸಮತೋಲ ಅಷ್ಟಾಗಿ ಕೆಡುವುದಿಲ್ಲ. ಬೇರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಅಡಾಪ್ಟರ್ ಪ್ಲೇಟಿನ ಮೂಲಕ ಮಾಜ್ದಾದ ಗೇರ್‌ಬಾಕ್ಸನ್ನೇ ಬಳಸಿಕೊಳ್ಳಬಹುದು, ಚೌಕಟ್ಟನ್ನೂ ಉಳಿಸಿಕೊಳ್ಳಬಹುದು.

ನೀವು ಕೇಳದೆ ಇದ್ದ ಮೂರನೆಯ ದಾರಿಯೊಂದಿದೆ, ಅದನ್ನು ಹೇಳದಿದ್ದರೆ ಈ ಉತ್ತರ ಅಪೂರ್ಣವಾಗುತ್ತದೆ. 1994ರಿಂದ ಇದೇ ಕಾರಿಗೆ ಬಂದ 1.8 ಲೀಟರ್ ಬಿಪಿ ಎಂಜಿನ್ ನಿಮ್ಮ ಎಂಜಿನ್ನಿನ ಕುಟುಂಬದ್ದೇ. ಅದು ಹಳೆಯ ಆಧಾರಗಳ ಮೇಲೆಯೇ ಕೂರುತ್ತದೆ, ಹಳೆಯ ಗೇರ್‌ಬಾಕ್ಸಿಗೇ ಹೊಂದುತ್ತದೆ; ಕ್ಲಚ್, ಫ್ಲೈವೀಲ್, ಗಾಳಿಯನ್ನು ಅಳೆಯುವ ಸೆನ್ಸರ್ ಮತ್ತು ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಗಳಿಕೆ ಚಿಕ್ಕದು, ಆದರೆ ಇನ್ನಾವ ಎಂಜಿನ್ ಬದಲಾವಣೆಗೂ ಇಷ್ಟು ಕಡಿಮೆ ತೊಡಕು ಇರುವುದಿಲ್ಲ. ಎಂಜಿನ್ ಬದಲಾವಣೆ ಹಿಂದೆಂದೂ ಮಾಡದವರಿಗೆ ನಾನು ಸೂಚಿಸುವುದು ಇದನ್ನೇ.

ಯಾವ ಎಂಜಿನ್ ಆದರೂ ಡಿಫರೆನ್ಷಿಯಲ್ ವಿಷಯವನ್ನು ಮೊದಲೇ ತೀರ್ಮಾನಿಸಿ. 1.6 ಲೀಟರ್ ಕಾರಿನ 6 ಇಂಚಿನ ಗೇರಿನ ಡಿಫರೆನ್ಷಿಯಲ್ ಈ ಕಾರಿನ ಪ್ರಸಿದ್ಧ ದುರ್ಬಲ ಭಾಗ. ಕೆ24ರ ಟಾರ್ಕನ್ನು ಅದು ಹೆಚ್ಚು ದಿನ ತಾಳುವುದಿಲ್ಲ. 1.8 ಕಾರುಗಳಲ್ಲಿ ಬಂದ 7 ಇಂಚಿನ, ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಟಾರ್ಸನ್ ಡಿಫರೆನ್ಷಿಯಲ್ಲನ್ನು ಅದರ ಡ್ರೈವ್‌ಶಾಫ್ಟುಗಳ ಸಮೇತ ಹುಡುಕಿ ತನ್ನಿ. ಅದರ 4.10ರ ಅನುಪಾತವೂ ಕೆ24ಗೆ 4.30ಕ್ಕಿಂತ ಚೆನ್ನಾಗಿ ಒಪ್ಪುತ್ತದೆ; ಇನ್ನೂ ಕಡಿಮೆ ಅನುಪಾತ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಅಷ್ಟು ಟಾರ್ಕ್ ಇರುವ ಎಂಜಿನ್ನಿಗೆ ಗಿಡ್ಡ (ಹೆಚ್ಚು ಅನುಪಾತದ) ಗೇರುಗಳ ಆಸರೆ ಬೇಡ.

ಕೂರಿಸುವ ಕೆಲಸದಲ್ಲಿ ಎಂಜಿನ್ ಒಳಗೆ ಹಿಡಿಸುವುದೇ ದೊಡ್ಡ ವಿಷಯವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಕಷ್ಟವಿರುವುದು ಅದರ ಕೆಳಗೆ. ಕೆ24 ಕಾರಿನಲ್ಲಿ ಅಡ್ಡಲಾಗಿ ಕೂರಲು ರೂಪುಗೊಂಡ ಎಂಜಿನ್. ಅದನ್ನು ಉದ್ದಕ್ಕೆ ತಿರುಗಿಸಿದಾಗ ಅದರ ಆಯಿಲ್ ಸಂಪ್ (ಕೆಳಗಿನ ಎಣ್ಣೆ ತೊಟ್ಟಿ) ಸ್ಟೀರಿಂಗ್ ರ‍್ಯಾಕಿಗೂ ಸಬ್‌ಫ್ರೇಮಿಗೂ ಅಡ್ಡ ಬರುತ್ತದೆ, ಹೆಡ್ಡಿನಿಂದ ಬಿಸಿನೀರು ಹೊರಬರುವ ಭಾಗ ಕ್ಯಾಬಿನ್ನಿನ ಗೋಡೆಗೆ ತಾಗುವಷ್ಟು ಹತ್ತಿರವಾಗುತ್ತದೆ. ಇದಕ್ಕೆಂದೇ ಮಾಡಿದ ಸಂಪ್ ಮತ್ತು ಸಬ್‌ಫ್ರೇಮ್ ಬಳಸುವುದೇ ಸರಿ. ಜಾಗ ಮಾಡಿಕೊಳ್ಳಲು ಸ್ಟೀರಿಂಗ್ ರ‍್ಯಾಕನ್ನು ಕೆಲವು ಮಿಲಿಮೀಟರ್ ಕೆಳಗಿಳಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರ‍್ಯಾಕಿನ ಎತ್ತರ ಬದಲಾದರೆ ಚಕ್ರವನ್ನು ತಿರುಗಿಸುವ ಟೈ ರಾಡಿನ ಚಲನೆಯ ಕಮಾನು ಸಸ್ಪೆನ್ಷನ್ನಿನ ಕಮಾನಿಗೆ ಹೊಂದದೆ, ಉಬ್ಬು ತಗ್ಗಿನ ಮೇಲೆ ಹೋದಾಗಲೆಲ್ಲ ಚಕ್ರಗಳು ತಾವಾಗಿಯೇ ತಿರುಗತೊಡಗುತ್ತವೆ. ವೇಗದಲ್ಲಿ, ತಿರುವಿನ ನಡುವೆ ಹೀಗಾಗುವುದು ಅಪಾಯಕಾರಿ. ಸಂಪಿನೊಳಗೆ ತಡೆಹಲಗೆಗಳು ಇರಲೇಬೇಕು, ಇಲ್ಲವಾದರೆ ಉದ್ದನೆಯ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆದುಕೊಳ್ಳುತ್ತದೆ. ಬೇರಿಂಗುಗಳು ಹಾಳಾಗಲು ಅಂಥ ಕೆಲವೇ ಕ್ಷಣಗಳು ಸಾಕು.

ಅಡಾಪ್ಟರ್ ಪ್ಲೇಟಿನಲ್ಲಿ ಗಮನಿಸಬೇಕಾದುದು ಅದರ ಕೇಂದ್ರ. ಕ್ರ್ಯಾಂಕ್‌ಶಾಫ್ಟಿನ ಅಕ್ಷವೂ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಅಕ್ಷವೂ ಒಂದೇ ಸಾಲಿನಲ್ಲಿರಬೇಕು. ಡಯಲ್ ಇಂಡಿಕೇಟರ್ ಇಟ್ಟು ಸುತ್ತಿಸಿ ನೋಡಿದಾಗ ಓಲಾಟ ಸುಮಾರು 0.13 ಮಿಲಿಮೀಟರಿನೊಳಗೆ ಇರಬೇಕೆಂಬುದು ಕಾರ್ಯಾಗಾರಗಳಲ್ಲಿ ರೂಢಿಯಲ್ಲಿರುವ ಮಿತಿ. ಇದನ್ನು ಅಳೆಯದೆ ಬೋಲ್ಟ್ ಬಿಗಿದರೆ ಕ್ಲಚ್ಚೂ ಇನ್‌ಪುಟ್ ಬೇರಿಂಗೂ ಬೇಗ ಸವೆಯುತ್ತವೆ, ಆಗ ಬೈಗುಳ ತಿನ್ನುವುದು ಪಾಪದ ಗೇರ್‌ಬಾಕ್ಸ್. ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕೋನಗಳು ಪರಸ್ಪರ ಸಮನಾಗಿಯೂ ಮೂರು ಡಿಗ್ರಿಯ ಒಳಗೂ ಇದ್ದರೆ ನಡುಕ ಬರುವುದಿಲ್ಲ. ಕೊಳ್ಳುವ ಎಂಜಿನ್ ಹಳೆಯದೇ ಆಗಿರುವುದರಿಂದ ಸಿಲಿಂಡರುಗಳು ಒತ್ತಡ ಹಿಡಿದಿಡುತ್ತವೆಯೇ ಎಂದು ನೋಡುವ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆಗಳನ್ನು ಮಾಡಿಸಿ. ಕಾರಿಗೆ ಇಳಿಸುವ ಮೊದಲೇ ಹಿಂಬದಿಯ ಆಯಿಲ್ ಸೀಲ್, ವಾಟರ್ ಪಂಪ್, ಕ್ಲಚ್ ಬೇರಿಂಗುಗಳನ್ನು ಹೊಸದಾಗಿಸಿ. ಕೂರಿಸಿದ ಮೇಲೆ ಇದೇ ಕೆಲಸಕ್ಕೆ ಹತ್ತು ಪಟ್ಟು ಶ್ರಮ ಬೇಕಾಗುತ್ತದೆ.

ಪೆಟ್ರೋಲ್ ಪೂರೈಕೆಯ ಲೆಕ್ಕ ಸುಲಭ. 200 ಅಶ್ವಶಕ್ತಿಯೆಂದರೆ ಸುಮಾರು 150 ಕಿಲೋವಾಟ್. ಪ್ರತಿ ಕಿಲೋವಾಟ್-ಗಂಟೆಗೆ 300 ಗ್ರಾಂ ಇಂಧನ ಎಂದು ಹಿಡಿದರೆ ಗಂಟೆಗೆ 45 ಕಿಲೋ, ಅಂದರೆ ಸುಮಾರು 60 ಲೀಟರ್. ಪಂಪು ಇಷ್ಟನ್ನು ಇಂಜೆಕ್ಟರುಗಳಿಗೆ ಬೇಕಾದ ಒತ್ತಡದಲ್ಲಿಯೇ ಕೊಡಬೇಕು, ಒತ್ತಡವಿಲ್ಲದಾಗ ಕೊಡುವ ಲೀಟರುಗಳ ಲೆಕ್ಕ ಪ್ರಯೋಜನಕ್ಕೆ ಬಾರದು. ತಂಪಿನ ವಿಷಯದಲ್ಲಿ, ಪೂರ್ಣ ಶಕ್ತಿಯಲ್ಲಿ ಓಡುವ ಪೆಟ್ರೋಲ್ ಎಂಜಿನ್ ಹೊರಗೆ ಕೊಡುವ ಶಕ್ತಿಗೆ ಹತ್ತಿರವೆನಿಸುವಷ್ಟು ಶಾಖವನ್ನು ನೀರಿಗೂ ಕೊಡುತ್ತದೆ ಎಂಬುದನ್ನು ಮರೆಯಬೇಡಿ. ದಪ್ಪನೆಯ ರೇಡಿಯೇಟರ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮುಂದೆ ಬಂದ ಗಾಳಿ ಬದಿಯಿಂದ ತಪ್ಪಿಸಿಕೊಳ್ಳದೆ ರೇಡಿಯೇಟರಿನ ಮೂಲಕವೇ ಹಾಯುವಂತೆ ಸುತ್ತ ಮುಚ್ಚಬೇಕು, ಹಾದುಹೋದ ಬಿಸಿಗಾಳಿ ಹೊರಬೀಳಲೂ ದಾರಿ ಇರಬೇಕು. ವೈರಿಂಗಿನ ಮಟ್ಟಿಗೆ ನಿಮ್ಮ ಕಾರು ಹಳೆಯದಾಗಿರುವುದೇ ಅನುಕೂಲ. ಈಚಿನ ಕಾರುಗಳಲ್ಲಿ ಎಂಜಿನ್, ಎಬಿಎಸ್, ಇಮ್ಮೊಬಿಲೈಜರ್, ಸ್ಟೀರಿಂಗ್ ಎಲ್ಲವೂ ಒಂದೇ ಜಾಲದಲ್ಲಿ ಮಾತಾಡಿಕೊಳ್ಳುವುದರಿಂದ ಎಂಜಿನ್ ಬದಲಾದರೆ ಉಳಿದವೂ ಮುನಿಸಿಕೊಳ್ಳುತ್ತವೆ. ನಿಮ್ಮದಕ್ಕೆ ಸ್ವತಂತ್ರವಾದ ಎಂಜಿನ್ ಕಂಪ್ಯೂಟರ್ ಮತ್ತು ಅಚ್ಚುಕಟ್ಟಾದ ಹೊಸ ಹಾರ್ನೆಸ್ (ತಂತಿಗಳ ಕಟ್ಟು) ಸಾಕು. ಹಳೆಯ ತಂತಿಗಳನ್ನು ಕತ್ತರಿಸಿ ಗಂಟು ಹಾಕುವ ಕೆಲಸಕ್ಕೆ ಮಾತ್ರ ಒಪ್ಪಬೇಡಿ.

ಬ್ರೇಕಿಗೆ ಬಂದರೆ, ವೇಗ ಶೇ 20 ಹೆಚ್ಚಿದಾಗ ಬ್ರೇಕ್ ಕರಗಿಸಬೇಕಾದ ಶಕ್ತಿ ಶೇ 44 ಹೆಚ್ಚುತ್ತದೆ. 1.8 ಕಾರಿನ ಮುಂದಿನ ಡಿಸ್ಕಿನ ವ್ಯಾಸ ಸುಮಾರು 255 ಮಿಲಿಮೀಟರ್, ನಿಮ್ಮದರದು ಸುಮಾರು 235. ಕೆ24ಗೆ ಕನಿಷ್ಠ ಆ ದೊಡ್ಡ ಡಿಸ್ಕುಗಳೂ ಒಳ್ಳೆಯ ಪ್ಯಾಡುಗಳೂ ಬೇಕು. ಮುಂದಕ್ಕೆ ಮಾತ್ರ ಭಾರಿ ಕ್ಯಾಲಿಪರ್ ಹಾಕಿ ಹಿಂದನ್ನು ಹಾಗೆಯೇ ಬಿಟ್ಟರೆ ಬ್ರೇಕಿನ ಹಂಚಿಕೆ ಕೆಡುತ್ತದೆ, ನಿಲ್ಲುವ ದೂರ ಹೆಚ್ಚಲೂಬಹುದು.

ಇಷ್ಟೆಲ್ಲ ಆದ ಮೇಲೆ ಚಕ್ರ. 17 ಇಂಚನ್ನು ನಾನು ಈ ಕಾರಿಗೆ ಒಪ್ಪುವುದಿಲ್ಲ, 15 ಇಂಚು ಸಾಕು. ನಿಮ್ಮ ಕಾರಿನ ಮೂಲ ಟೈರು 185/60 ಆರ್14 (ಅಗಲ ಮಿಲಿಮೀಟರಿನಲ್ಲಿ, ಬದಿಯ ಎತ್ತರ ಅಗಲದ ಶೇಕಡಾ ಎಷ್ಟು, ಚಕ್ರದ ವ್ಯಾಸ ಇಂಚಿನಲ್ಲಿ), ಅದರ ವ್ಯಾಸ 578 ಮಿಲಿಮೀಟರ್. 195/50 ಆರ್15ರ ವ್ಯಾಸ 576. 205/50 ಆರ್15 ಆದರೆ 586. ಆದರೆ 215/40 ಆರ್17 ಟೈರು 604 ಮಿಲಿಮೀಟರ್ ಆಗುತ್ತದೆ: ಸ್ಪೀಡೋಮೀಟರ್ ಶೇ 4ಕ್ಕೂ ಹೆಚ್ಚು ತಪ್ಪು ತೋರಿಸುತ್ತದೆ, ಮಡ್‌ಗಾರ್ಡಿನೊಳಗಿನ ಜಾಗ ಕಿರಿದಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ತೂಕದ್ದು. ಮೂಲ 14 ಇಂಚಿನ ಅಲಾಯ್ ಚಕ್ರ ಐದೂವರೆ ಕಿಲೋದ ಆಸುಪಾಸಿನದು. ಎರಕದ 17 ಇಂಚಿನ ಅಗಲ ಚಕ್ರ 9 ಕಿಲೋ ಸುಲಭವಾಗಿ ದಾಟುತ್ತದೆ. ಟೈರಿನ ಹೊರ ಅಂಚಿನಲ್ಲಿರುವ ಒಂದು ಕಿಲೋ, ಮುಂದೆ ಸಾಗುವುದರ ಜೊತೆಗೆ ಸುತ್ತಲೂ ಬೇಕಾದ್ದರಿಂದ, ವೇಗ ಪಡೆಯುವಾಗ ಎರಡು ಕಿಲೋದಂತೆ ವರ್ತಿಸುತ್ತದೆ. ಸ್ಪ್ರಿಂಗಿನ ಕೆಳಗಿರುವ ತೂಕವಾದ್ದರಿಂದ ರಸ್ತೆಯ ಒರಟನ್ನು ಟೈರು ಹಿಂಬಾಲಿಸುವ ಚುರುಕನ್ನೂ ಕುಗ್ಗಿಸುತ್ತದೆ. ಹೊಸ ಎಂಜಿನ್ನಿನಿಂದ ಗಳಿಸಿದ ಒಂದು ಪಾಲನ್ನು ಹೊಸ ಚಕ್ರಕ್ಕೆ ತೆತ್ತಂತಾಗುತ್ತದೆ.

ಆಫ್‌ಸೆಟ್ ಎಂದರೆ ಚಕ್ರದ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ದೂರ. ಮೂಲ ಚಕ್ರದ ಅಗಲ 5.5 ಇಂಚು, ಆಫ್‌ಸೆಟ್ 45. ನೀವು 8 ಇಂಚು ಅಗಲ, 25 ಆಫ್‌ಸೆಟ್ ಇರುವುದನ್ನು ಮಾಡಿಸಿದರೆ ಹೊರ ಅಂಚು ಸುಮಾರು 52 ಮಿಲಿಮೀಟರ್ ಹೊರಗೂ ಒಳ ಅಂಚು ಸುಮಾರು 12 ಮಿಲಿಮೀಟರ್ ಒಳಗೂ ಸರಿಯುತ್ತವೆ. 7 ಇಂಚು, 35 ಆಫ್‌ಸೆಟ್ ಆದರೆ ಹೊರಗೆ 29, ಒಳಗೆ 9. ಈ ಲೆಕ್ಕವನ್ನು ಯಾವ ಚಕ್ರಕ್ಕಾದರೂ ನೀವೇ ಮಾಡಿಕೊಳ್ಳಬಹುದು: ಅಗಲದ ಅರ್ಧದಿಂದ ಆಫ್‌ಸೆಟ್ ಕಳೆದರೆ ಹೊರಭಾಗ, ಕೂಡಿಸಿದರೆ ಒಳಭಾಗ. ಆಫ್‌ಸೆಟ್ ಕಡಿಮೆಯಾದಷ್ಟೂ ಸ್ಟೀರಿಂಗಿನೊಡನೆ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ನೆಲ ಮುಟ್ಟುವ ಬಿಂದುವಿನಿಂದ ಟೈರಿನ ನಡುವು ದೂರ ಸರಿಯುತ್ತದೆ. ಬ್ರೇಕ್ ಹಾಕಿದಾಗ, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಕೈಯಲ್ಲಿ ಎಳೆಯುತ್ತದೆ, ಹಬ್ ಬೇರಿಂಗಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಅದಕ್ಕೇ ರಸ್ತೆಯಲ್ಲಿ ಓಡಿಸುವ ಕಾರಿಗೆ ನಾನು ಹೇಳುವುದು 7 ಅಥವಾ ಏಳೂವರೆ ಇಂಚು.

ಕಾಗದದ ಲೆಕ್ಕ ಮುಗಿದ ಮೇಲೆ ಕಾರಿನ ಮೇಲೆಯೇ ಅಳೆಯಿರಿ. ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ತೆಗೆದು, ಅದೇ ಅಳತೆಯ ಎರವಲು ಚಕ್ರವೊಂದನ್ನು ತೊಡಿಸಿ, ಜ್ಯಾಕಿನಿಂದ ಸಸ್ಪೆನ್ಷನ್ನನ್ನು ಅದರ ಮೇಲಿನ ತುದಿಯವರೆಗೆ ಎತ್ತಿ, ಸ್ಟೀರಿಂಗನ್ನು ಎರಡೂ ಕೊನೆಗಳಿಗೆ ತಿರುಗಿಸಿ ನೋಡಿ. ಕ್ಯಾಲಿಪರಿಗೂ ಕಡ್ಡಿಗಳ ಹಿಂಬದಿಗೂ ನಡುವಿನ ಜಾಗವನ್ನು ಬೇರೆಯಾಗಿ ಅಳೆಯಬೇಕು. ಹದಿನೈದು ಇಂಚಿನ ಚಕ್ರವೊಂದಕ್ಕೆ ಹಿಡಿಸಿದ ಕ್ಯಾಲಿಪರ್ ಇನ್ನೊಂದು ಹದಿನೈದು ಇಂಚಿನದಕ್ಕೆ ತಾಗಬಹುದು, ಏಕೆಂದರೆ ಅದನ್ನು ನಿರ್ಧರಿಸುವುದು ವ್ಯಾಸವಲ್ಲ, ಕಡ್ಡಿಯ ಬಾಗು. ತಯಾರಕರಿಗೆ ಕೊಡಬೇಕಾದ ವಿವರಗಳಲ್ಲಿ ನಾಲ್ಕು ಬೋಲ್ಟುಗಳ 100 ಮಿಲಿಮೀಟರ್ ವೃತ್ತ, 54.1 ಮಿಲಿಮೀಟರಿನ ನಡು ರಂಧ್ರ, ಬ್ರೇಕಿನ ನಕ್ಷೆ ಮತ್ತು ಪ್ರತಿ ಚಕ್ರ ಹೊರಬೇಕಾದ ತೂಕ ಇರಲೇಬೇಕು. ನಡು ರಂಧ್ರ ಹಬ್ಬಿಗೆ ಸರಿಯಾಗಿ ಕೂರದಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗುವುದಿಲ್ಲ.

ಎರಕದ ಚಕ್ರಕ್ಕಿಂತ ಎರಕದ ಅಂಚನ್ನು ರೋಲರಿನಿಂದ ಒತ್ತಿ ತೆಳುಗೊಳಿಸುವ ಫ್ಲೋ-ಫಾರ್ಮಿಂಗ್ ವಿಧಾನದ್ದು, ಅದಕ್ಕಿಂತ ಫೋರ್ಜ್ ಮಾಡಿದ್ದು (ಲೋಹವನ್ನು ಭಾರಿ ಒತ್ತಡದಲ್ಲಿ ಒತ್ತಿ ರೂಪಿಸಿದ್ದು) ಅದೇ ಬಲಕ್ಕೆ ಹಗುರವಾಗಿರುತ್ತದೆ. ಯಾವುದೇ ಆಗಲಿ, ಜಪಾನಿನ ಜೆಡಬ್ಲ್ಯುಎಲ್ ಮತ್ತು ವಿಐಎ ಅಥವಾ ಜರ್ಮನಿಯ ಟಿಯುವಿ ಪರೀಕ್ಷೆಗೆ ಒಳಪಟ್ಟಿದೆಯೇ ಎಂದು ಕೇಳಿ, ದಾಖಲೆ ನೋಡಿ. ಹೆಸರಾಂತ ವಿನ್ಯಾಸಗಳ ಅಗ್ಗದ ನಕಲುಗಳನ್ನು ಹೊಸ ಎಂಜಿನ್ ಕೂರಿಸಿದ ಕಾರಿಗೆ ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಚಕ್ರ ಒಡೆದಾಗ ಅದನ್ನು ತಡೆಯಲು ಇನ್ನೊಂದು ಭಾಗವಿಲ್ಲ. ಟೈರಿನ ಭಾರ ಸೂಚ್ಯಂಕ ಮೂಲದ 82ಕ್ಕಿಂತ, ಅಂದರೆ 475 ಕಿಲೋಗಿಂತ ಕೆಳಗಿಳಿಯಬಾರದು. ಮೂಲ ಟೈರಿನ ಎಚ್ ದರ್ಜೆ ಗಂಟೆಗೆ 210 ಕಿಲೋಮೀಟರ್‌ವರೆಗಿನದು. ಹೊಸ ಎಂಜಿನ್ ಅದನ್ನು ಮುಟ್ಟಬಲ್ಲದಾದ್ದರಿಂದ 240ರ ವಿ ದರ್ಜೆಯನ್ನು ಆರಿಸಿ.

ಕೆಲಸ ಶುರುವಾಗುವ ಮೊದಲು ನಿಮ್ಮ ನೋಂದಣಿ ಪ್ರಾಧಿಕಾರಕ್ಕೂ ವಿಮಾ ಸಂಸ್ಥೆಗೂ ಎಂಜಿನ್ ಸಂಖ್ಯೆ, ಗಾತ್ರ, ಹೊಗೆಯ ದರ್ಜೆಗಳನ್ನು ಬರೆದು ತಿಳಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಎಂಜಿನ್ ಕೊಂಡ ರಸೀದಿ ನಿಮ್ಮ ಹೆಸರಿನಲ್ಲೇ ಇರಲಿ. ಕಾರು ಓಡಲು ತೊಡಗಿದ ಮೇಲೆ ಚಕ್ರಗಳ ಕೋನಗಳಾದ ಕ್ಯಾಂಬರ್, ಕ್ಯಾಸ್ಟರ್, ಟೋಗಳನ್ನು ಹೊಸದಾಗಿ ಹೊಂದಿಸಿ. ನಟ್ಟುಗಳು ಕನಿಷ್ಠ ಎಂಟು ಸುತ್ತು ಸ್ಟಡ್ಡನ್ನು ಹಿಡಿದಿರಬೇಕು, ಅವುಗಳ ಕೂರುವ ಮುಖದ ಆಕಾರ ಚಕ್ರದ ರಂಧ್ರಕ್ಕೆ ಹೊಂದಬೇಕು. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರ ತಣ್ಣಗಿರುವಾಗ ಟಾರ್ಕ್ ರೆಂಚಿನಿಂದ ಅವನ್ನು ಮತ್ತೊಮ್ಮೆ ಪರೀಕ್ಷಿಸಿ. ಅದೇ ಹೊತ್ತಿಗೆ ಎಂಜಿನ್ ಆಧಾರಗಳ, ಪ್ರೊಪೆಲ್ಲರ್ ಶಾಫ್ಟಿನ, ಡಿಫರೆನ್ಷಿಯಲ್ಲಿನ ಬೋಲ್ಟುಗಳನ್ನೂ ಬ್ರೇಕ್ ಮತ್ತು ಪೆಟ್ರೋಲ್ ಕೊಳವೆಗಳ ಪ್ರತಿ ಜೋಡಣೆಯನ್ನೂ ನೋಡಿ. ಪೂರ್ಣ ಆಕ್ಸಿಲರೇಟರ್ ಅದಾದ ನಂತರ.